ಸ್ಪೋರ್ಟ್ ಬೋಟೋ, ಕ್ಯಾಬಿನ್ ಕ್ರೂಸರೋ?

ಪ್ರಶ್ನೆ: ಸಿಯಾಟಲ್‌ನಲ್ಲಿದ್ದೇವೆ. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ ಬೋಟ್ ಕೊಳ್ಳುವುದೋ, ಕ್ಯಾಬಿನ್ ಕ್ರೂಸರೋ?

ಉತ್ತರ: ಯಾವ ನೀರಿಗಿಳಿಯುತ್ತೀರಿ ಎಂಬುದೇ ಇದನ್ನು ತೀರ್ಮಾನಿಸುತ್ತದೆ. ಬೇಸಿಗೆಯ ಸಂಜೆ ಲೇಕ್ ವಾಷಿಂಗ್ಟನ್‌ನಲ್ಲಿ ಮಕ್ಕಳೊಡನೆ ಸುತ್ತಾಟವಷ್ಟೇ ಆದರೆ 20 ಅಡಿಯ ಸ್ಪೋರ್ಟ್ ಬೋಟ್ ಧಾರಾಳವಾಯಿತು; ಟ್ರೇಲರ್ ಮೇಲೆ ಎಳೆದು ತಂದು ಮನೆಯ ಬಳಿಯೇ ನಿಲ್ಲಿಸಬಹುದು. 1917ರಲ್ಲಿ ಅಧಿಕೃತವಾಗಿ ತೆರೆದ ಬ್ಯಾಲಾರ್ಡ್ ಲಾಕ್ಸ್ ದಾಟಿ ಪ್ಯೂಜೆಟ್ ಸೌಂಡ್‌ಗೆ, ಅಲ್ಲಿಂದ ಸ್ಯಾನ್ ವಾನ್ ದ್ವೀಪಗಳಿಗೆ ಹೋಗಿ ರಾತ್ರಿ ತಂಗುವ ಆಸೆಯಿದ್ದರೆ ಕ್ಯಾಬಿನ್ ಬೇಕೇ ಬೇಕು. ಅಲ್ಲಿಯ ನೀರು ಬೇಸಿಗೆಯಲ್ಲೂ ಕೊರೆಯುತ್ತದೆ. ಆದರೆ ದೊಡ್ಡ ಕ್ರೂಸರ್ ಮರೀನಾದಲ್ಲೇ ಇರಬೇಕು, ಅದರ ಬಾಡಿಗೆ ತಿಂಗಳು ತಿಂಗಳೂ ತಪ್ಪದು.

ಯಾವುದನ್ನೇ ಕೊಂಡರೂ ಮೊದಲು ಕೇಳಬೇಕಾದದ್ದು: ಉಪ್ಪುನೀರಲ್ಲಿ ಎಷ್ಟು ಕಾಲ ಓಡಿದೆ? ಹೊರಗಿನ ನೀರನ್ನೇ ಎಳೆದು ತಂಪಾಗುವ ಎಂಜಿನ್‌ನಲ್ಲಿ ಉಪ್ಪು ಎಗ್ಸಾಸ್ಟ್ ಮ್ಯಾನಿಫೋಲ್ಡನ್ನು ಒಳಗಿಂದಲೇ ತಿನ್ನುತ್ತದೆ. ತೂತಾದರೆ ನೀರು ಸಿಲಿಂಡರಿಗೇ ಇಳಿದು ಎಂಜಿನ್ ಕೆಡುತ್ತದೆ. ಎಂಜಿನ್ ಹೊತ್ತ ಹಿಂಭಾಗದ ಗೋಡೆ ದೋಷ ಅಡಗುವ ಇನ್ನೊಂದು ಜಾಗ. ಹಳೆಯ ದೋಣಿಗಳಲ್ಲಿ ಫೈಬರ್‌ಗ್ಲಾಸ್ ನಡುವೆ ಪ್ಲೈವುಡ್ ಇರುತ್ತದೆ, ಅದು ಕೊಳೆತರೂ ಮೇಲಿನ ಹೊಳಪು ಹಾಗೇ ಉಳಿಯುತ್ತದೆ. ಸ್ವತಂತ್ರ ಮರೀನ್ ಸರ್ವೇಯರ್ ನೋಡದೆ ದಯವಿಟ್ಟು ಮುಂಗಡ ಕೊಟ್ಟು ಮಾತು ಮುಗಿಸಬೇಡಿ.

ದೋಣಿ ನಡೆಸುವುದು ಹೊಸದಾಗಿದ್ದರೆ ನನ್ನ ಒಲವು ಸ್ಪೋರ್ಟ್ ಬೋಟಿಗೇ. ದ್ವೀಪಗಳಿಗೆ ಒಂದೆರಡು ಬಾರಿ ಬಾಡಿಗೆ ಕ್ರೂಸರ್‌ನಲ್ಲಿ ಹೋಗಿ ಬನ್ನಿ.