ಹೊಗೆಯ ಬಣ್ಣ, ಯಂತ್ರದ ಬೇನೆ

ಬೇಸಿಗೆಯ ರಜೆ ಮುಗಿಯುತ್ತ ಬಂದಿದೆ. ಧರ್ಮಸ್ಥಳ, ಸುಬ್ರಹ್ಮಣ್ಯಗಳ ಯಾತ್ರೆ ಪೂರೈಸಿದ ಸಂಸಾರವೊಂದು ಗುಂಡ್ಯವನ್ನು ದಾಟಿ ಶಿರಾಡಿ ಘಾಟಿಯನ್ನು ಏರತೊಡಗಿದೆ. ಕಾರು ಡೀಸೆಲಿನದು, ವಯಸ್ಸು ಹದಿಮೂರು ವರ್ಷ. ಹೋಗುವಾಗ ಇಳಿಜಾರಿನಲ್ಲಿ ಸದ್ದಿಲ್ಲದೆ ಸಾಗಿದ್ದ ಕಾರು ಈಗ ಏದುಸಿರು ಬಿಡುತ್ತಿದೆ. ಯಜಮಾನರು ಆಕ್ಸಿಲರೇಟರನ್ನು ಎಷ್ಟು ಅದುಮಿದರೂ ವೇಗ ಏರದು. ಸೈಲೆನ್ಸರಿನಿಂದ ಮಾತ್ರ ಕಾಡಿಗೆಯಂತಹ ಹೊಗೆ ಉಕ್ಕುತ್ತಿದೆ. “ಇಂಜಿನ್ನಿನ ಕಥೆ ಮುಗಿಯಿತು. ಊರು ಸೇರಿದೊಡನೆ ಮಾರಿಬಿಡುವುದೇ ಲೇಸು” ಎಂದು ಅವರು ನಿಟ್ಟುಸಿರಿಡುತ್ತಾರೆ.

ಹಳೆಯ ಡೀಸೆಲ್ ಕಾರುಳ್ಳವರಿಗೆ ಇಂತಹ ದೃಶ್ಯ ಹೊಸದಲ್ಲ. ಆದರೆ ಆ ತೀರ್ಪು ಎಷ್ಟೋ ವೇಳೆ ಅವಸರದ್ದು. ಜ್ವರ ಬಂದವನನ್ನು ಕಂಡೊಡನೆ ವೈದ್ಯನು ಶಸ್ತ್ರಚಿಕಿತ್ಸೆಗೆ ಕೈಹಾಕುವುದಿಲ್ಲ. ನಾಲಗೆ ನೋಡುತ್ತಾನೆ, ನಾಡಿ ಹಿಡಿಯುತ್ತಾನೆ. ಡೀಸೆಲ್ ಯಂತ್ರಕ್ಕೆ ಹೊಗೆಯೇ ನಾಲಗೆ. ಅದರ ಬಣ್ಣವನ್ನು ಓದಬಲ್ಲವರು ಸಾವಿರಾರು ರೂಪಾಯಿಗಳ ವೃಥಾ ವೆಚ್ಚವನ್ನು ತಪ್ಪಿಸಿಕೊಳ್ಳಬಲ್ಲರು.

ಯಂತ್ರದ ಮೂರು ಅಗತ್ಯಗಳು

ಜರ್ಮನಿಯ ರುಡಾಲ್ಫ್ ಡೀಸೆಲ್ (1858–1913) 1897ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ಪರೀಕ್ಷಿಸಿದ ಯಂತ್ರದ ಗುಟ್ಟು ಸರಳವಾದುದು. ಪೆಟ್ರೋಲ್ ಯಂತ್ರದಲ್ಲಿ ವಿದ್ಯುತ್ ಕಿಡಿಯು ಇಂಧನವನ್ನು ಹೊತ್ತಿಸುತ್ತದೆ. ಡೀಸೆಲಿನಲ್ಲಿ ಕಿಡಿಯೇ ಇಲ್ಲ. ಪಿಸ್ಟನ್ ಗಾಳಿಯನ್ನು ಅದರ ಗಾತ್ರದ ಹದಿನಾರನೆಯ ಅಥವಾ ಇಪ್ಪತ್ತನೆಯ ಒಂದು ಭಾಗಕ್ಕೆ ಅದುಮಿದಾಗ ಆ ಗಾಳಿ 500 ಡಿಗ್ರಿ ಸೆಂಟಿಗ್ರೇಡನ್ನೂ ಮೀರಿ ಕಾಯುತ್ತದೆ. ಆ ಬಿಸಿಗಾಳಿಯೊಳಕ್ಕೆ ನಾಜಲ್ ಡೀಸೆಲನ್ನು ಮಂಜಿನಂತೆ ಸಿಂಪಡಿಸಿದೊಡನೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದುದರಿಂದ ಈ ಯಂತ್ರಕ್ಕೆ ಬೇಕಾದುವು ಮೂರು: ಸಾಕಷ್ಟು ಗಾಳಿ, ಶುದ್ಧವೂ ಮಿತವೂ ಆದ ಇಂಧನ, ಗಾಳಿಯನ್ನು ಬಿಗಿಯಾಗಿ ಅದುಮುವ ಶಕ್ತಿ. ಮೂರರಲ್ಲಿ ಯಾವುದು ಕುಂದಿದರೂ ಬಲ ಕುಗ್ಗುತ್ತದೆ.

ಕಪ್ಪು ಹೊಗೆ

ಕಪ್ಪು ಹೊಗೆ ಎಂದರೆ ಗಾಳಿ ಕಡಿಮೆ, ಇಂಧನ ಹೆಚ್ಚು. ಪೂರ್ತಿ ಉರಿಯದ ಡೀಸೆಲು ಮಸಿಯಾಗಿ ಹೊರಬೀಳುತ್ತದೆ. ಮೊದಲು ನೋಡಬೇಕಾದುದು ಏರ್ ಫಿಲ್ಟರ್. ಅದನ್ನು ಹೊರತೆಗೆದು ಬೆಳಕಿಗೆ ಹಿಡಿದಾಗ ಬೆಳಕು ತೂರಿ ಬಾರದಿದ್ದರೆ ಬದಲಾಯಿಸುವುದೇ ಮದ್ದು.

ಟರ್ಬೊ ಇರುವ ಕಾರುಗಳಲ್ಲಿ ಇನ್ನೊಂದು ಗುಪ್ತ ರೋಗವುಂಟು. ಟರ್ಬೊ ಒತ್ತಿ ಕಳುಹಿಸುವ ಗಾಳಿ ರಬ್ಬರಿನ ಹೋಸ್ ಪೈಪುಗಳ ಮೂಲಕ ಇಂಜಿನ್ನನ್ನು ಸೇರುತ್ತದೆ. ವರ್ಷಗಳ ಬಿಸಿಗೆ ಆ ರಬ್ಬರು ಸೀಳಬಹುದು, ಕ್ಲಿಪ್ಪು ಸಡಿಲಾಗಬಹುದು. ಕಾರು ನಿಂತಿರುವಾಗ ಏನೂ ತೋರದು. ಏರಿನಲ್ಲಿ ಒತ್ತಡ ಹೆಚ್ಚಿದಾಗ ಸೀಳು ಬಾಯ್ಬಿಡುತ್ತದೆ. ಬುಸ್ಸೆಂಬ ಸದ್ದು, ಕೀಲಿನ ಬಳಿ ಎಣ್ಣೆಯ ಪಸೆ, ಏರಿನಲ್ಲಿ ಮಾತ್ರ ಕಪ್ಪು ಹೊಗೆ ಇವು ಅದರ ಲಕ್ಷಣಗಳು. ಹೊರಹೋಗುವ ಹೊಗೆಯ ಒಂದಂಶವನ್ನು ಮರಳಿ ಒಳಕ್ಕೆ ಬಿಡುವ ಇ.ಜಿ.ಆರ್. ಕವಾಟವು ಮಸಿ ಕಟ್ಟಿ ತೆರೆದೇ ನಿಂತರೂ ಇದೇ ಪರಿಣಾಮ. ಇವೆಲ್ಲ ಸರಿಯಿದ್ದರೆ ಮಾತ್ರ ನಾಜಲ್‌ಗಳನ್ನು ಪರೀಕ್ಷೆಗೆ ಕಳುಹಿಸಬೇಕು.

ನೀಲಿ ಮತ್ತು ಬಿಳಿ

ನೀಲಿ ಛಾಯೆಯ ಹೊಗೆ ಇಂಜಿನ್ ಆಯಿಲ್ ಉರಿಯುತ್ತಿರುವುದರ ಸೂಚನೆ. ಪಿಸ್ಟನ್ ರಿಂಗುಗಳು ಸವೆದಿರಬಹುದು, ಇಲ್ಲವೆ ಟರ್ಬೊ ಒಳಗಿನ ಸೀಲು ಕೆಟ್ಟಿರಬಹುದು. ಇದನ್ನು ಅಲಕ್ಷಿಸುವುದು ಅಪಾಯಕರ. ಟರ್ಬೊದಿಂದ ಆಯಿಲ್ ಧಾರಾಳವಾಗಿ ಒಳನುಗ್ಗಿದರೆ ಯಂತ್ರವು ಅದನ್ನೇ ಇಂಧನವಾಗಿಸಿಕೊಂಡು ಅಂಕೆ ತಪ್ಪಿ ಓಡತೊಡಗುತ್ತದೆ. ಕೀಲಿ ತಿರುಗಿಸಿದರೂ ನಿಲ್ಲದು. ಕೈಯಿಂದ ಗೇರು ಬದಲಿಸುವ ಕಾರಾದರೆ ಬ್ರೇಕನ್ನು ಬಲವಾಗಿ ಒತ್ತಿ, ಮೇಲಿನ ಗೇರಿಗೆ ಹಾಕಿ, ಕ್ಲಚ್ಚನ್ನು ಬಿಟ್ಟು ಇಂಜಿನ್ನನ್ನು ಉಸಿರುಕಟ್ಟಿಸಿ ನಿಲ್ಲಿಸಬೇಕಾಗುತ್ತದೆ.

ಬಿಳಿ ಹೊಗೆಯಲ್ಲಿ ಎರಡು ಬಗೆ. ಚಳಿಗಾಲದ ಮುಂಜಾನೆ ತುಸು ಹೊತ್ತು ಕಾಣಿಸಿಕೊಂಡು, ಇಂಜಿನ್ ಬಿಸಿಯಾದಂತೆ ಮರೆಯಾಗುವುದು ಒಂದು. ಅದರ ಜೊತೆಗೆ ಸ್ಟಾರ್ಟ್ ಮಾಡಲು ತೊಡಕಾದರೆ ಹೀಟರ್ ಪ್ಲಗ್‌ಗಳನ್ನು ನೋಡಿಸಿದರೆ ಸಾಕಾಗಬಹುದು. ಇಂಜಿನ್ ಬಿಸಿಯಾದ ಮೇಲೂ ಬಿಡದೆ ಬರುವ ಆವಿ, ಅದರೊಡನೆ ರೇಡಿಯೇಟರಿನ ನೀರು ದಿನದಿನಕ್ಕೆ ಇಳಿಯುವುದು ಎರಡನೆಯದು. ಇದು ಹೆಡ್ ಗ್ಯಾಸ್ಕೆಟ್ ಕೆಟ್ಟಿರುವ ಲಕ್ಷಣವಾಗಿರಬಹುದು. ಹಾಗೆಯೇ ಓಡಿಸಿದರೆ ಇಂಜಿನ್ ಕಾದು ಹಾಳಾದೀತು. ಬಿಸಿಯಿರುವ ರೇಡಿಯೇಟರಿನ ಮುಚ್ಚಳವನ್ನು ಎಂದೂ ತೆರೆಯಬಾರದು.

ಹೊಗೆಯಿಲ್ಲದ ದೌರ್ಬಲ್ಯ

ಹೊಗೆಯಿಲ್ಲದೆ ಬಲ ಮಾತ್ರ ಕುಗ್ಗಿದ್ದರೆ ಇಂಜಿನ್ನಿಗೆ ಹಸಿವಾಗಿದೆ ಎಂದೇ ಮೊದಲು ಶಂಕಿಸಬೇಕು. ಡೀಸೆಲ್ ಫಿಲ್ಟರ್ ಕಟ್ಟಿರಬಹುದು, ಅದರ ತಳದಲ್ಲಿ ನೀರು ನಿಂತಿರಬಹುದು, ಕೊಳವೆಯ ಕೀಲಿನಲ್ಲಿ ಗಾಳಿ ಸೇರಿರಬಹುದು. ಕ್ಲಚ್ ಜಾರುವುದೂ, ಬ್ರೇಕ್ ಹಿಡಿದುಕೊಂಡಿರುವುದೂ ಇಂಜಿನ್ನಿನ ಮೇಲೆ ಸುಳ್ಳು ಅಪವಾದ ಹೊರಿಸುವುದುಂಟು. ನಾಜಲ್ ಬಳಿಯ ಸೋರಿಕೆಯನ್ನು ಮಾತ್ರ ಕೈಯಿಂದ ತಡವಿ ನೋಡಬಾರದು. ಕಾಮನ್ ರೈಲ್ ಇಂಜಿನ್ನುಗಳಲ್ಲಿ ಡೀಸೆಲಿನ ಒತ್ತಡ ವಾತಾವರಣದ ಒತ್ತಡದ ಸಾವಿರ ಪಟ್ಟನ್ನೂ ಮೀರುತ್ತದೆ. ಕೂದಲೆಳೆಯಂತಹ ಆ ಧಾರೆ ಚರ್ಮವನ್ನು ಸೀಳಿ ಒಳಹೋಗಬಲ್ಲದು.

“ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ?” ಎಂಬ ಗಾದೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಫಿಲ್ಟರ್, ಪೈಪು, ಕ್ಲಿಪ್ಪು, ಆಯಿಲ್ ಮತ್ತು ನೀರಿನ ಮಟ್ಟ ಇವನ್ನು ಮೊದಲು ನೋಡಬೇಕು. ಬಳಿಕ ಸ್ಕ್ಯಾನರ್ ಹಚ್ಚಿ ದೋಷಸೂಚಿಗಳನ್ನು ಓದಿಸಬೇಕು. ಆಮೇಲೆ ನಾಜಲ್ ಪರೀಕ್ಷೆ, ಕಟ್ಟಕಡೆಗೆ ಕಂಪ್ರೆಷನ್ ಪರೀಕ್ಷೆ. ಕಂಪ್ರೆಷನ್ ಅಳೆಯದೆ “ಇಂಜಿನ್ ಬಿಚ್ಚಬೇಕು” ಎನ್ನುವವರ ಮಾತಿಗೆ ಒಡನೆಯೇ ತಲೆಯಾಡಿಸಬೇಕಾಗಿಲ್ಲ.

ಇದು ಕೇವಲ ಹಣದ ಮಾತಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಸಾರಿತು. ವಾಯುಮಾಲಿನ್ಯ ಪರೀಕ್ಷೆಯಲ್ಲಿ ಹೊಗೆಯ ದಟ್ಟತೆಯನ್ನು ಅಳೆಯುವುದು ಇದಕ್ಕಾಗಿಯೇ. ಭಾರತ್ ಸ್ಟೇಜ್ 4ಕ್ಕೆ ಮುಂಚಿನ ಡೀಸೆಲ್ ವಾಹನಗಳಿಗೆ ಅದರ ಮಿತಿ ಮೀಟರಿಗೆ 2.45, ಸ್ಟೇಜ್ 4ರ ವಾಹನಗಳಿಗೆ 1.62. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣವಾಗಬೇಕಾದರೂ ಹೊಗೆ ಹತೋಟಿಯಲ್ಲಿರಬೇಕು.

ಇನ್ನು ಶಿರಾಡಿಯ ಆ ಸಂಸಾರ. ನಿಧಾನವಾಗಿ ಸಕಲೇಶಪುರ ತಲುಪಿದ ಕಾರಿನ ಬಾನೆಟ್ಟನ್ನು ವೃದ್ಧ ಮೆಕ್ಯಾನಿಕ್ ಒಬ್ಬ ತೆರೆಯುತ್ತಾನೆ. ಇಂಜಿನ್ ತಣಿಯುವವರೆಗೆ ಬೀಡಿ ಸೇದುತ್ತ ಕಾಯುತ್ತಾನೆ. ಆಮೇಲೆ ಟರ್ಬೊ ಪೈಪಿನ ಕೆಳಬದಿಯನ್ನು ಬೆರಳಿನಿಂದ ಸವರಿ, ಅಂಗುಲದುದ್ದದ ಸೀಳನ್ನು ಯಜಮಾನರಿಗೆ ತೋರಿಸುತ್ತಾನೆ. ಹೊಸ ಪೈಪು ಬಂದು ಕೂರುವಷ್ಟರಲ್ಲಿ ಮಕ್ಕಳ ಕಾಫಿ ತಿಂಡಿ ಮುಗಿದಿರುತ್ತದೆ. ಹಾಸನದ ದಾರಿಯಲ್ಲಿ ಕಾರಿನ ಹಿಂದೆ ಹೊಗೆಯಿಲ್ಲ. ಅದನ್ನು ಮಾರುವ ಮಾತನ್ನು ಯಾರೂ ಎತ್ತುವುದಿಲ್ಲ.