ಜಿಪ್ಸಿ ಕೊಟ್ಟು ದೊಡ್ಡ ಗಾಡಿ ತರಬೇಕೇ? ಇದು ಒಂದೂವರೆ ಗೇಣಿನ ಪ್ರಶ್ನೆ

ಕಾಫಿಗೆ ಬೆಲೆ ಬಂದ ವರ್ಷ ಮಲೆನಾಡಿನ ಮನೆಗಳಲ್ಲಿ ಮೂರು ಮಾತುಗಳು ಏಳುತ್ತವೆ. ಬ್ಯಾಂಕಿನ ಸಾಲ ತೀರಿಸುವುದು, ಮನೆ ರಿಪೇರಿ ಮಾಡಿಸುವುದು, ಗಾಡಿ ಬದಲಿಸುವುದು. 2024ರಿಂದ 2025ರ ಮೊದಲ ತಿಂಗಳುಗಳವರೆಗೆ ಕಾಫಿ ಧಾರಣೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದಾಗ ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ಜಗಲಿಗಳಲ್ಲಿ ಈ ಮೂರನೆಯ ಮಾತಿಗೂ ಜೋರು ಬಂತು. ಮೊದಲೆರಡರ ಬಗ್ಗೆ ಮನೆಮಂದಿಗೆ ಹೇಗೋ ಒಮ್ಮತ ಸಿಗುತ್ತದೆ. ಮೂರನೆಯದಕ್ಕೆ ಸಿಗುವುದಿಲ್ಲ. ಕೊಟ್ಟಿಗೆಯ ಪಕ್ಕದ ಷೆಡ್ಡಿನಲ್ಲಿ ನಿಂತಿರುವುದು ಜಿಪ್ಸಿಯಾದರಂತೂ ಇಲ್ಲವೇ ಇಲ್ಲ.

ಮಗ ಬೆಂಗಳೂರಿನಿಂದ ಬಂದವನು, "ಅಪ್ಪಾ, ಇದನ್ನ ಕೊಟ್ಟುಬಿಡಾಣ. ಸ್ಕಾರ್ಪಿಯೊ ತಗೊಳ್ಳಾಣ" ಎನ್ನುತ್ತಾನೆ. ಅಪ್ಪ ಉತ್ತರ ಕೊಡದೆ ಎಲೆಗೆ ಸುಣ್ಣ ಹಚ್ಚುತ್ತಾರೆ. ಅದೇ ಉತ್ತರ.

ಅಪ್ಪನ ಮೌನಕ್ಕೆ ಕಾರಣಗಳಿವೆ. ಮಾರುತಿ ಕಂಪನಿಯ ಜಿಪ್ಸಿ ಮಾರುಕಟ್ಟೆಗೆ ಬಂದದ್ದು 1985ರಲ್ಲಿ. ಜಪಾನಿನ ಸುಜುಕಿಯ ಪುಟ್ಟ ಜೀಪಿನ ಉದ್ದ ಮಾಡಿದ ರೂಪ ಅದು. ಮೊದಲು 970 ಸಿಸಿ ಎಂಜಿನ್ ಇತ್ತು. 1993ರಲ್ಲಿ ಚಕ್ರಗಳ ನಡುವಿನ ಅಂತರ ಹೆಚ್ಚಿತು, 1996ರಲ್ಲಿ 1298 ಸಿಸಿಯ ಎಂಜಿನ್ ಬಂತು. ಅದು ಎಸ್ಟೀಮ್ ಕಾರಿನ ಎಂಜಿನ್‌ನ ಬಂಧು. ಅಲ್ಲಿಯವರೆಗೆ ಮಹೀಂದ್ರ ಜೀಪಿನ ಡೀಸೆಲ್ ಹೊಗೆಯಲ್ಲೇ ಓಡಾಡುತ್ತಿದ್ದ ತೋಟದವರಿಗೆ ಇದು ಹಗುರ, ಚುರುಕು ಗಾಡಿಯಾಗಿ ಕಂಡಿತು. ರ್‍ಯಾಲಿಗಳಲ್ಲಿ ಇದೇ ಓಡಿತು, ಸೇನೆ ಇದನ್ನೇ ಸಾವಿರಾರು ಕೊಂಡಿತು. ಸವಾರಿಗೆ ಮಾತ್ರ ಇದರಷ್ಟು ಒರಟು ಇನ್ನೊಂದಿಲ್ಲ. ನಾಲ್ಕೂ ಕಡೆ ಲೀಫ್ ಸ್ಪ್ರಿಂಗು. ಹಿಂದೆ ಎದುರುಬದುರು ಬೆಂಚು. ಹೊಂಡಕ್ಕೆ ಇಳಿದರೆ ಹಿಂದೆ ಕೂತವರ ತಲೆ ಹುಡ್ಡಿನ ಕಂಬಿಗೆ ತಗಲುತ್ತದೆ. ಪೆಟ್ರೋಲು ಲೀಟರಿಗೆ ಹತ್ತು ಕಿಲೋಮೀಟರ್ ಕೊಟ್ಟರೆ ಪುಣ್ಯ.

ಆದರೂ ಜೂನ್ ತಿಂಗಳಲ್ಲಿ ಮಳೆ ಹಿಡಿದು ತೋಟದ ಮಣ್ಣುದಾರಿ ಬೆಣ್ಣೆಯಂತಾದಾಗ, ಬೋರ್ಡೋ ದ್ರಾವಣದ ಡ್ರಮ್ಮು, ಮೈಲುತುತ್ತದ ಚೀಲ, ನಾಲ್ಕು ಆಳು ಹೊತ್ತು ಏರು ಹತ್ತುವುದು ಇದೇ. ಫೋರ್ ವೀಲ್ ಹಾಕಿ, ಲೋ ಗೇರಿಗೆ ಎಳೆದು ಬಿಟ್ಟರೆ ನಡೆಯುವ ಮನುಷ್ಯನ ವೇಗದಲ್ಲಿ ಮೇಲೆ ಹೋಗುತ್ತದೆ. ಗಾಡಿಯ ತೂಕ ಒಂದು ಟನ್ನಿನ ಆಸುಪಾಸು. ಹೂತುಹೋದರೂ ನಾಲ್ಕು ಜನ ಸೇರಿ ಎತ್ತಿ ಬದಿಗೆ ಸರಿಸಬಹುದು. ಮುಸ್ಸಂಜೆಯಲ್ಲಿ ಮುಂದೆ ಆನೆ ಇದೆಯೆಂಬ ಸುಳಿವು ಸಿಕ್ಕರೆ, ಇಕ್ಕಟ್ಟಿನಲ್ಲೇ ತಿರುಗಿಸಿಕೊಂಡು ಬರಲು ಸಣ್ಣ ಗಾಡಿ ಎಷ್ಟು ಬೇಕೆಂಬುದು ಆ ಕಡೆಯವರಿಗೇ ಗೊತ್ತು.

ಇದು ಅಪ್ಪನ ಕಡೆಯ ವಾದ. ಮಗನ ಕಡೆಯದೂ ಸಣ್ಣದಲ್ಲ. ಅವನು ನೋಡುತ್ತಿರುವುದು ತೋಟದ ದಾರಿಯನ್ನಲ್ಲ, ಹಾಸನದಿಂದ ಬೆಂಗಳೂರಿನ ಹೆದ್ದಾರಿಯನ್ನು. ಅಲ್ಲಿ ಎಲ್ಲರೂ ನೂರರ ಮೇಲೆ ಓಡುತ್ತಾರೆ. ಜಿಪ್ಸಿಗೆ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಬ್ರೇಕ್ ಇಲ್ಲ. 2019ರ ಏಪ್ರಿಲ್‌ನಿಂದ ಎಲ್ಲ ಕಾರುಗಳಿಗೂ ಎಬಿಎಸ್ ಕಡ್ಡಾಯವಾದಾಗ ಜಿಪ್ಸಿ ಜನಸಾಮಾನ್ಯರ ಮಾರುಕಟ್ಟೆಯಿಂದ ಮರೆಯಾದದ್ದು ಕಾಕತಾಳೀಯವೇನಲ್ಲ. ಹಿಂದಿನ ಬೆಂಚಿನಲ್ಲಿ ಮೊಮ್ಮಕ್ಕಳನ್ನು ಅಡ್ಡಡ್ಡ ಕೂರಿಸಿಕೊಂಡು ಹೆದ್ದಾರಿಗೆ ಇಳಿಯುವುದನ್ನು ಪ್ರೀತಿಯ ಹೆಸರಿನಲ್ಲಿ ಸಮರ್ಥಿಸಿಕೊಳ್ಳಲು ಆಗುವುದಿಲ್ಲ. ಸ್ಕಾರ್ಪಿಯೊ-ಎನ್ 2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಐದು ನಕ್ಷತ್ರ ಪಡೆಯಿತು. ಮಗನ ಮಾತಿನಲ್ಲಿ ಷೋಕಿಯ ಪಾಲು ಇರಬಹುದು. ಈ ಭಾಗ ಷೋಕಿಯಲ್ಲ.

ಈ ಚರ್ಚೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವರು ಅಮ್ಮ. ಮಂಡಿನೋವು ಇರುವುದು ಅವರಿಗೆ. ಜಿಪ್ಸಿ ಹತ್ತಲು ಒಂದು ಕೈ ಕಂಬಿ ಹಿಡಿದು, ಇನ್ನೊಂದು ಕೈ ಯಾರದೋ ಭುಜದ ಮೇಲೆ ಇಟ್ಟು, ಸೀರೆ ಎತ್ತಿಕೊಂಡು ಹತ್ತಬೇಕು. ಹಾಗೆಂದು ದೊಡ್ಡ ಗಾಡಿ ಹತ್ತಲು ಸುಲಭ ಎಂದೇನಿಲ್ಲ. ಚಾಸಿಯ ಮೇಲೆ ಕಟ್ಟಿದ ಎತ್ತರದ ಗಾಡಿಗಳೆಲ್ಲ ಹತ್ತಲು ಎತ್ತರವೇ. ಮೂರನೆಯ ಸಾಲಿನ ಸೀಟಿಗೆ ನುಸುಳುವುದಂತೂ ಮಕ್ಕಳಿಗೆ ಮಾತ್ರ ಆಗುವ ಕೆಲಸ. ಷೋರೂಮಿಗೆ ಹೋಗುವಾಗ ಅಪ್ಪ ಮಗ ಇಬ್ಬರೇ ಹೋಗಿ, ಟಯರು ಒದ್ದು ನೋಡಿ, ಅಡ್ವಾನ್ಸ್ ಕೊಟ್ಟು ಬರುವುದು ರೂಢಿ. ಮೊದಲು ಕರೆದೊಯ್ಯಬೇಕಾದ್ದು ಅಮ್ಮನನ್ನು.

ಸೇನೆಗೂ ಬಂದ ಪ್ರಶ್ನೆ

ಇದೇ ಸಂದಿಗ್ಧ ನಮ್ಮ ಸೇನೆಗೂ ಬಂದಿತ್ತು. ಜಿಪ್ಸಿ ಹೊರುವುದು 500 ಕಿಲೋ ದರ್ಜೆಯ ಭಾರ. ಸೇನೆಗೆ 800 ಕಿಲೋ ಹೊರುವ, ಗಟ್ಟಿ ಮಾಡಿನ, ಎ.ಸಿ. ಇರುವ ಗಾಡಿ ಬೇಕಾಯಿತು. 2017ರಲ್ಲಿ ಟಾಟಾ ಕಂಪನಿಗೆ 3,192 ಸಫಾರಿ ಸ್ಟಾರ್ಮ್ ಗಾಡಿಗಳ ಆರ್ಡರ್ ಹೋಯಿತು. ಜಿಪ್ಸಿಯ ಕಾಲ ಮುಗಿಯಿತು ಎಂದು ಪತ್ರಿಕೆಗಳು ಬರೆದವು. ಆದರೆ ಸಾರ್ವಜನಿಕರಿಗೆ ಮಾರಾಟ ನಿಂತ ಮೇಲೂ, 2020ರಲ್ಲಿ, ಮಾರುತಿ ಕಂಪನಿ ಸೇನೆಗೆ ನೂರಾರು ಹೊಸ ಜಿಪ್ಸಿಗಳನ್ನು ಕಟ್ಟಿಕೊಟ್ಟಿತು. ದೊಡ್ಡ ಗಾಡಿ ಬಂದರೂ ಚಿಕ್ಕದರ ಕೆಲಸ ಹಾಗೇ ಉಳಿದಿತ್ತು.

ಮಲೆನಾಡಿನ ಮನೆಯಲ್ಲೂ ಆಗುವುದು ಇದೇ. ಜಿಪ್ಸಿ ಇಷ್ಟು ವರ್ಷ ಎರಡು ಚಾಕರಿ ಮಾಡಿಕೊಂಡು ಬಂದಿದೆ. ಗೇಟಿನ ಒಳಗಿನದು ಒಂದು, ಗೇಟಿನ ಹೊರಗಿನದು ಇನ್ನೊಂದು. ಒಳಗಿನದರಲ್ಲಿ ಅದಕ್ಕೆ ಸಾಟಿ ಇಲ್ಲ. ಹೊರಗಿನದರಲ್ಲಿ ಅದರ ಕಾಲ ಎಂದೋ ಮುಗಿದಿದೆ. ದೊಡ್ಡ ಗಾಡಿ ಈ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ, ಅಷ್ಟೆ. ಅಪ್ಪ ಒಳಗಿನ ಚಾಕರಿಯ ಬಗ್ಗೆ, ಮಗ ಹೊರಗಿನದರ ಬಗ್ಗೆ ಮಾತಾಡುತ್ತಿರುವುದರಿಂದಲೇ ಜಗಳ ಮುಗಿಯುವುದಿಲ್ಲ. ವರ್ಷದಲ್ಲಿ ಎಷ್ಟು ದಿನ ಗಾಡಿ ಗೇಟು ದಾಟುತ್ತದೆ, ಎಷ್ಟು ದಿನ ಒಳಗೇ ಸುತ್ತುತ್ತದೆ ಎಂದು ಒಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿದರೆ ಅರ್ಧ ಜಗಳ ಅಲ್ಲೇ ಕರಗುತ್ತದೆ.

ಟೇಪು ಹಿಡಿದು ನೋಡಿ

ಉಳಿದರ್ಧಕ್ಕೆ ಅಳತೆಯ ಟೇಪು ಬೇಕು. ಜಿಪ್ಸಿಯ ಅಗಲ 1.54 ಮೀಟರ್. ಸ್ಕಾರ್ಪಿಯೊ-ಎನ್ 1.917 ಮೀಟರ್, ಉದ್ದ 4.662 ಮೀಟರ್. ಅಗಲದಲ್ಲಿ ಸುಮಾರು 38 ಸೆಂಟಿಮೀಟರ್ ವ್ಯತ್ಯಾಸ. ನಮ್ಮ ಲೆಕ್ಕದಲ್ಲಿ ಒಂದೂವರೆ ಗೇಣಿಗೂ ಕೊಂಚ ಹೆಚ್ಚು. ಷೋರೂಮಿನ ಮಿರುಗುವ ನೆಲದ ಮೇಲೆ ಇದು ಗೊತ್ತೇ ಆಗುವುದಿಲ್ಲ. ಹಳೆಯ ಕಲ್ಲುಕಂಬದ ಗೇಟಿನಲ್ಲಿ, ಹಳ್ಳದ ಮೇಲಿನ ಮೋರಿಯಲ್ಲಿ, ಹಾಲುವಾಣದ ಮರ ಮತ್ತು ಬರೆಯ ನಡುವಿನ ತಿರುವಿನಲ್ಲಿ ಗೊತ್ತಾಗುತ್ತದೆ. ಎದುರಿನಿಂದ ಹಾಲಿನ ವ್ಯಾನು ಬಂದಾಗ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ತೂಕವೂ ಹೆಚ್ಚುಕಡಿಮೆ ದುಪ್ಪಟ್ಟು. ತೋಟದ ಒಳಗಿನ ಸಣ್ಣ ಸೇತುವೆಗಳನ್ನು ಅಜ್ಜನ ಕಾಲದಲ್ಲಿ ಎತ್ತಿನ ಗಾಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು ಎಂಬುದು ನೆನಪಿರಲಿ.

ಇನ್ನೊಂದು ತೊಡಕನ್ನು ಮಾರಾಟದ ಹುಡುಗರು ಸಾಮಾನ್ಯವಾಗಿ ಬಾಯಿಬಿಡುವುದಿಲ್ಲ. 2020ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ 6 ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಹಿಡಿದ ಮಸಿ ಸುಟ್ಟುಹೋಗಬೇಕಾದರೆ ಹೊಗೆ ಚೆನ್ನಾಗಿ ಕಾಯಬೇಕು. ಅದಕ್ಕೆ ಗಾಡಿ ಆಗಾಗ ಹೆದ್ದಾರಿಯಲ್ಲಿ ಒಂದೇ ಸಮನೆ ಓಡಬೇಕು. ದಿನಾ ಎರಡು ಮೂರು ಕಿಲೋಮೀಟರ್ ಮೊದಲ ಗೇರಿನಲ್ಲೇ ತೋಟ ಸುತ್ತಿ ಆಫ್ ಮಾಡಿದರೆ ಫಿಲ್ಟರ್ ಕಟ್ಟಿಕೊಂಡು, ಡ್ಯಾಷ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಕೆಲವು ಡೀಸೆಲ್ ಗಾಡಿಗಳಿಗಂತೂ ಯೂರಿಯಾ ಬೆರೆತ ದ್ರವವನ್ನು ಬೇರೆ ಟ್ಯಾಂಕಿಗೆ ತುಂಬಬೇಕು. ಇಷ್ಟು ದಿನ ಗಿಡಕ್ಕೆ ಹಾಕುತ್ತಿದ್ದ ಯೂರಿಯಾ ಈಗ ಗಾಡಿಗೂ ಬೇಕು!

ಹಾಗೆಂದು ಜಿಪ್ಸಿಯ ಪಾಡೂ ಸುಖದ್ದಲ್ಲ. ಪೆಟ್ರೋಲಿನಲ್ಲಿ ಈಗ ಶೇ 20ರಷ್ಟು ಎಥೆನಾಲ್ ಬೆರೆಯುತ್ತದೆ. ಕೆಲವು ಹಳೆಯ ವಾಹನಗಳಲ್ಲಿ 20 ಸಾವಿರದಿಂದ 30 ಸಾವಿರ ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿತು. ಪೆಟ್ರೋಲ್ ಪೈಪುಗಳನ್ನು ವರ್ಷಕ್ಕೊಮ್ಮೆ ಮುಟ್ಟಿ ನೋಡಬೇಕು. ಚಾಸಿಯ ತುಕ್ಕು ಮಾತ್ರ ಮುಟ್ಟಿ ನೋಡಿದರೆ ಸಾಲದು. ಹತ್ತಾರು ಮಳೆಗಾಲ ಕಂಡ ಗಾಡಿಯನ್ನು ಎತ್ತಿ, ಕೆಳಗೆ ಟಾರ್ಚು ಬಿಟ್ಟು, ಸುತ್ತಿಗೆಯಿಂದ ತಟ್ಟಿ ನೋಡಬೇಕು. ಅಲ್ಲಿ ತೂತು ಬಿದ್ದಿದ್ದರೆ ಮೇಲಿನ ಬಣ್ಣಕ್ಕೆ ಸುರಿಯುವ ಹಣ ನೀರಿಗೆ ಹಾಕಿದಂತೆ.

ದುಡ್ಡಿನ ಲೆಕ್ಕ

ದೊಡ್ಡ ಗಾಡಿಯ ಬೆಲೆಯಲ್ಲಿ ಗಾಡಿಯಷ್ಟೇ ಇರುವುದಿಲ್ಲ, ಸರ್ಕಾರವೂ ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಗಾಡಿಗಳಿಗೆ ಜಿಎಸ್‌ಟಿ ಶೇ 40. ನಾಲ್ಕು ಮೀಟರ್ ಉದ್ದದೊಳಗೆ, 1500 ಸಿಸಿ ಮೀರದ ಡೀಸೆಲ್ ಗಾಡಿಗೆ ಶೇ 18. ಇದಾದ ಮೇಲೆ ರಾಜ್ಯದ ಆಜೀವ ತೆರಿಗೆ. ಇಪ್ಪತ್ತು ಲಕ್ಷ ಮೀರಿದ ಗಾಡಿಗೆ ಕರ್ನಾಟಕದಲ್ಲಿ ಅದು ಶೇ 18. ಷೋರೂಮ್ ಬೆಲೆ 21 ಲಕ್ಷ ಎಂದಿಟ್ಟುಕೊಂಡರೆ 3 ಲಕ್ಷ 78 ಸಾವಿರ ರೂಪಾಯಿ ನೋಂದಣಿಯ ದಿನವೇ ಹೋಯಿತು; ಸೆಸ್ ಮತ್ತು ವಿಮೆ ಬೇರೆ. ಆ ತೆರಿಗೆಯ ಹಣವೊಂದರಲ್ಲೇ ಜಿಪ್ಸಿಯ ಎಂಜಿನ್ ಬಿಚ್ಚಿ ಕಟ್ಟಿಸಿ, ತುಕ್ಕು ತೆಗೆಸಿ, ಹೊಸ ಹುಡ್ಡು ಹೊಲಿಸಿ, ಟಯರು ಹಾಕಿಸಿ, ಇನ್ನೂ ಉಳಿಸಿಕೊಳ್ಳಬಹುದು.

ಹಳೆಯದನ್ನು ಇಟ್ಟುಕೊಳ್ಳಲೂ ಖರ್ಚಿದೆ. ಹದಿನೈದು ವರ್ಷ ತುಂಬಿದ ಖಾಸಗಿ ಗಾಡಿಯ ನೋಂದಣಿಯನ್ನು ಪರೀಕ್ಷೆ ಮಾಡಿಸಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರು ಜೀಪುಗಳಿಗೆ ಇದರ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. ಇಪ್ಪತ್ತು ವರ್ಷ ದಾಟಿದವಕ್ಕೆ 2025ರಲ್ಲಿ 10,000 ಆಯಿತು. ಹಸಿರು ತೆರಿಗೆ ಇದ್ದೇ ಇದೆ. ಆದರೂ ದೆಹಲಿಯವರಂತೆ, ವಯಸ್ಸಾಯಿತೆಂದು ಗಾಡಿಯನ್ನು ಗುಜರಿಗೆ ಹಾಕಬೇಕಾದ ಭಯ ಇಲ್ಲಿಲ್ಲ. ಅಲ್ಲಿನ ಹತ್ತು, ಹದಿನೈದು ವರ್ಷಗಳ ನಿರ್ಬಂಧ ರಾಜಧಾನಿ ಪ್ರದೇಶದ ಹವೆ ಕೆಟ್ಟದ್ದಕ್ಕೆ ಬಂದದ್ದು. ಸಕಲೇಶಪುರದ ಗಾಡಿಗೆ ಅದು ಅನ್ವಯಿಸದು.

ಲೆಕ್ಕವೆಲ್ಲ ಮುಗಿದ ಮೇಲೆ ಉಳಿಯುವ ದಾರಿಗಳು ಹೆಚ್ಚಿಲ್ಲ. ಷೆಡ್ಡಿನಲ್ಲಿ ಎರಡಕ್ಕೆ ಜಾಗ, ಕೈಯಲ್ಲಿ ಹಣ ಇದ್ದವರು ಜಿಪ್ಸಿಯನ್ನು ಗೇಟಿನೊಳಗಿನ ಕೆಲಸಕ್ಕೆ ಇಟ್ಟುಕೊಂಡು, ಹೊರಗಿನದಕ್ಕೆ ಬೇರೆ ಗಾಡಿ ತರುವುದೇ ಸರಿ. ಆಗ ಆ ಬೇರೆ ಗಾಡಿ ತೋಟ ಹತ್ತಬೇಕಾಗಿಲ್ಲ. ಫೋರ್ ವೀಲೂ ಬೇಡ, ಬೆಟ್ಟದಷ್ಟು ಎತ್ತರವೂ ಬೇಡ. ಅಮ್ಮ ಸಲೀಸಾಗಿ ಕೂರುವ, ಏರ್‌ಬ್ಯಾಗ್ ಇರುವ ಸಾಧಾರಣ ಕಾರು ಸಾಕು. ಇದನ್ನು ಕೇಳಿ ಮಗನಿಗೆ ತುಸು ನಿರಾಸೆಯಾಗುವುದು ಸಹಜ.

ಒಂದೇ ಗಾಡಿ ಸಾಧ್ಯ ಎನ್ನುವವರು ಜಿಪ್ಸಿ ಕೊಡುವುದೇ ಒಳ್ಳೆಯದು. ಮಕ್ಕಳು, ಮುದುಕರು ಹೆದ್ದಾರಿಗೆ ಇಳಿಯುವ ಮನೆಯಾದರೆ ಎರಡನೆಯ ಮಾತಿಲ್ಲ. ಆದರೆ ಅದರ ಜಾಗಕ್ಕೆ ದೊಡ್ಡದೇ ಬರಬೇಕೆಂಬ ಹಟ ಬೇಡ. 2023ರಲ್ಲಿ ಬಂದ ಜಿಮ್ನಿ ಜಿಪ್ಸಿಯ ವಂಶದ್ದೇ. ಅಗಲ 1.645 ಮೀಟರ್, ತೂಕ 1,200 ಕಿಲೋ ಆಸುಪಾಸು. ಫೋರ್ ವೀಲ್, ಲೋ ಗೇರ್, ಆರು ಏರ್‌ಬ್ಯಾಗ್ ಎಲ್ಲ ಇವೆ. ನಾಲ್ಕೇ ಸೀಟು ಎಂಬುದು ಕೊರತೆ. ಉದ್ದ ನಾಲ್ಕು ಮೀಟರಿನೊಳಗಿದ್ದರೂ ಪೆಟ್ರೋಲ್ ಎಂಜಿನ್ 1462 ಸಿಸಿ ಇರುವುದರಿಂದ ಜಿಎಸ್‌ಟಿ ಶೇ 40 ಎಂಬುದು ಅದರ ಗ್ರಹಚಾರ. ಬೊಲೆರೊಗೆ ತೆರಿಗೆ ಕಡಿಮೆ, ಜನ ಹೆಚ್ಚು ಹಿಡಿಸುತ್ತದೆ. ಆದರೆ ಈಗ ಬರುವ ಪ್ರಯಾಣಿಕರ ಬೊಲೆರೊಗೆ ಫೋರ್ ವೀಲ್ ಇಲ್ಲ. ಆರೇಳು ಜನ ದಿನವೂ ಓಡಾಡುವ ಕೂಡುಕುಟುಂಬ, ಗೇಟಿನವರೆಗೂ ಡಾಂಬರು ರಸ್ತೆ, ಅಗಲದ ಅಂಗಳ ಇದ್ದರೆ ಸ್ಕಾರ್ಪಿಯೊ ಬಗ್ಗೆ ಯಾರೂ ತಕರಾರು ಎತ್ತಬೇಕಾಗಿಲ್ಲ.

ಕೊಡುವುದೇ ಆದರೆ ಎಕ್ಸ್‌ಚೇಂಜಿಗೆ ಅವಸರ ಬೇಡ. ಷೋರೂಮಿನವರಿಗೆ ಜಿಪ್ಸಿ ಒಂದು ಹಳೆಯ ಗಾಡಿ. ಕಾಡುದಾರಿಯ ಹುಚ್ಚಿನ ಹುಡುಗರಿಗೆ, ರ್‍ಯಾಲಿಯವರಿಗೆ ಅದು ಹುಡುಕಿದರೂ ಸಿಗದ ಗಾಡಿ. ಕೊಂಡವರ ಹೆಸರಿಗೆ ಆರ್.ಸಿ. ವರ್ಗವಾಗುವವರೆಗೆ ಬೆನ್ನು ಬಿಡಬಾರದು. ದಾಖಲೆಯಲ್ಲಿ ಹಳೆಯ ಮಾಲೀಕನ ಹೆಸರೇ ಉಳಿದಿದ್ದರೆ, ಅಪಘಾತವಾದಾಗ ಪರಿಹಾರದ ಹೊಣೆ ಅವನ ತಲೆಗೇ ಬರುತ್ತದೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಇಟ್ಟುಕೊಳ್ಳುವವರು ವಾರಕ್ಕೊಮ್ಮೆಯಾದರೂ ಸ್ಟಾರ್ಟ್ ಮಾಡಿ, ನಾಲ್ಕು ಹೆಜ್ಜೆ ಓಡಿಸಿ, ಫೋರ್ ವೀಲ್ ಒಮ್ಮೆ ಹಾಕಿ ತೆಗೆಯಬೇಕು. ಟಾರ್ಪಾಲು ಹೊದಿಸಿ ಮರೆತರೆ ಬ್ಯಾಟರಿ ಸಾಯುತ್ತದೆ, ಬ್ರೇಕು ಹಿಡಿದುಕೊಳ್ಳುತ್ತದೆ. ಷೆಡ್ಡಿನಲ್ಲಿ ಕಾಫಿ ಚೀಲವೂ ಇದ್ದರಂತೂ ಇಲಿಗಳು ಸಂಸಾರ ಹೂಡಿ ವೈರುಗಳನ್ನು ಒಂದೊಂದಾಗಿ ಮುಗಿಸುತ್ತವೆ.