ಹೊಳೆಯ ಬಾಯಲ್ಲಿ ಕೆಮ್ಮಣ್ಣು

ಸಂತೆಕಟ್ಟೆಯಲ್ಲಿ ಹೆದ್ದಾರಿ ಬಿಟ್ಟು ಕಲ್ಯಾಣಪುರದ ದಾರಿ ಹಿಡಿದರೆ ಸ್ವರ್ಣಾ ಹೊಳೆಯ ದಂಡೆಯ ಕೆಮ್ಮಣ್ಣು ಸಿಗುತ್ತದೆ. ಹೆಸರಿನಲ್ಲೇ ಕೆಂಪು ಮಣ್ಣಿದೆ, ಬದುಕೆಲ್ಲ ನೀರಿನೊಡನೆ. ಕಾರ್ಕಳದ ಕಡೆಯ ಘಟ್ಟದ ತಪ್ಪಲಲ್ಲಿ ಹುಟ್ಟಿದ ಹೊಳೆ ಇಲ್ಲಿ ಕುದ್ರುಗಳನ್ನು ಬಳಸಿ ಹರಿದು, ಸೀತಾ ಹೊಳೆಯನ್ನು ಕೂಡಿಕೊಂಡು, ಕೋಡಿಬೆಂಗ್ರೆಯಲ್ಲಿ ಕಡಲು ಸೇರುತ್ತದೆ.

ತೆಂಗಿನ ತೋಪಿನ ತಿಮ್ಮಣ್ಣಕುದ್ರುವಿನವರಿಗೆ ಹಿಂದೆ ದೋಣಿಯೇ ಗತಿಯಾಗಿತ್ತು. ಶಾಲೆಯ ಮಕ್ಕಳಿಗೂ ರೋಗಿಗಳಿಗೂ ಮಳೆಗಾಲದ ನೆರೆಯೆಂದರೆ ದಿಗಿಲು. 1991ರಲ್ಲಿ ಇಲ್ಲಿ ತೂಗುಸೇತುವೆಯಾಯಿತು. ಕಟ್ಟಿದವರು ನಮ್ಮ ಅಡಿಕೆ ಸೀಮೆ ಸುಳ್ಯದ ಗಿರೀಶ್ ಭಾರದ್ವಾಜರು. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲ ತೂಗುಸೇತುವೆ ಕಟ್ಟಿದ ಅವರಿಗೆ 2017ರಲ್ಲಿ ಪದ್ಮಶ್ರೀ ಸಂದಿತು.

ದಾಟುವ ಕಷ್ಟ ತೀರಿದರೂ ಉಪ್ಪಿನ ಕಾಟ ಬೇರೆ. ಬೇಸಗೆಯಲ್ಲಿ ಹೊಳೆಯ ಹರಿವು ಸೊರಗಿದೊಡನೆ ಭರತದ ಉಪ್ಪುನೀರು ಮೇಲೇರುತ್ತದೆ. ದಂಡೆಯ ಬಾವಿಗಳಿಗೆ ಉಪ್ಪು ತಗಲುತ್ತದೆ, ಗದ್ದೆಗೆ ನುಗ್ಗಿದರೆ ಬೆಳೆ ಕೆಡುತ್ತದೆ. ತೆಂಗು ಸ್ವಲ್ಪ ಉಪ್ಪನ್ನು ತಾಳಿಕೊಂಡೀತು, ಅಡಿಕೆ ತಾಳದು. ಉಡುಪಿ ನಗರಕ್ಕೆ ಕುಡಿಯುವ ನೀರು ಕೊಡುವ ಬಜೆ ಅಣೆಕಟ್ಟೂ ಇದೇ ಹೊಳೆಗೆ ಕಟ್ಟಿದ್ದು.

ಮೇಲಿನವರ ತೋಟದ ಪಂಪು, ಪೇಟೆಯ ನಳ್ಳಿ, ಕೆಮ್ಮಣ್ಣಿನ ಬಾವಿ ಎಲ್ಲಕ್ಕೂ ಇರುವುದು ಒಂದೇ ಹೊಳೆ. ಆದುದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ಅರಿಕೆ ಇಷ್ಟೆ: ಮಳೆ ಹಿಂದೆಗೆದು ಹರಿವು ಇಳಿದೊಡನೆ ಕಿಂಡಿ ಅಣೆಕಟ್ಟಿಗೆ ಹಲಗೆ ಇಡೋಣ, ಗುಡ್ಡದಲ್ಲಿ ಇಂಗುಗುಂಡಿ ತೋಡೋಣ, ಅಡಿಕೆ ಬುಡಕ್ಕೆ ಸೊಪ್ಪು ಹೊದಿಸಿ ಹನಿ ನೀರಾವರಿಗೆ ತಿರುಗೋಣ. ನಾವು ಮೇಲೆ ಉಳಿಸಿದ ನೀರೇ ಕೆಳಗೆ ಕಡಲನ್ನು ತಡೆದು ನಿಲ್ಲಿಸುವುದು.